ಕಾಕು ಕುಳಿತು ಕೇಳಿದ ಎಕಿಡ್ನಾ

ಮೊನ್ನೆ ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ಮೊಟ್ಟೆ ಬೇಯಲು ಇಟ್ಟು ಮರೆತೆ. ನೀರು ಬತ್ತಿ, ಒಂದು ಮೊಟ್ಟೆ ಒಡೆದು, ಮನೆಯೆಲ್ಲ ವಾಸನೆ. ಕಿಟಕಿ ತೆರೆಯಲು ಓಡಿದವಳು ನಡುವೆಯೇ ನಿಂತು ನಕ್ಕೆ. ಇಪ್ಪತ್ತು ವರ್ಷದ ಹಿಂದಾಗಿದ್ದರೆ ಈ ವಾಸನೆಗೆ ಕಿಟಕಿ ಮುಚ್ಚಲು ಓಡುತ್ತಿದ್ದೆ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವಾಗ ಇದೇ ಊರಿನ ತಾರ್ನಾಕದ ಒಂದು ಮನೆಯ ಮಹಡಿ ಕೋಣೆಯಲ್ಲಿದ್ದೆ. ಮನೆಯೊಡತಿ ಕಲಬುರ್ಗಿ ಕಡೆಯವರು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಮನೆಯೊಳಗೆ ತತ್ತಿ ತರಕೂಡದು ಎಂಬುದೊಂದೇ ಅವರ ಷರತ್ತು. ನಾನು ಕಿಟಕಿ ಮುಚ್ಚಿ ಕೆಟಲ್‌ನಲ್ಲಿ ಮೊಟ್ಟೆ ಬೇಯಿಸಿ ತಿನ್ನುತ್ತಿದ್ದೆ. ಸಿಪ್ಪೆಯನ್ನು ಪುಡಿಮಾಡಿ ಮಹಡಿಯ ಹೂಕುಂಡಗಳಿಗೆ ಹಾಕುತ್ತಿದ್ದೆ. ಗೊಬ್ಬರವೂ ಆಯಿತು, ಗುಟ್ಟೂ ಉಳಿಯಿತು! ಒಂದು ದಿನ ಅವಸರದಲ್ಲಿ ತುಳಸಿಯ ಕುಂಡಕ್ಕೇ ಹಾಕಿಬಿಟ್ಟೆ.

ಮರುದಿನ ಬೆಳಿಗ್ಗೆ ತುಳಸಿಗೆ ನೀರೆರೆಯಲು ಬಂದ ಕಾಕು ನನ್ನ ಬಾಗಿಲು ಬಡಿದರು. ಕೈಯಲ್ಲಿ ತಂಬಿಗೆ ಇತ್ತೇ, ಅಥವಾ ಅದನ್ನು ನನ್ನ ನೆನಪೇ ಆಮೇಲೆ ಕೊಟ್ಟಿತೇ... ಅಂಗೈಯಲ್ಲಿದ್ದ ಬಿಳಿ ಚೂರುಗಳಂತೂ ನಿಜ.

“ಏನವಾ, ನಮ್ಮ ತುಳಸವ್ವಗ ತತ್ತಿ ತಿನ್ನಸಾಕತ್ತೀಯೇನ?”

ಪರೀಕ್ಷೆಗೆ ಮೂರು ವಾರವಿತ್ತು. ಈಗ ಕೋಣೆ ಹೋದರೆ ಎಲ್ಲಿಗೆ ಹೋಗಲಿ? ಮೇಜಿನ ಮೇಲೆ ತೆರೆದ ಪುಸ್ತಕದಲ್ಲಿ ಎಕಿಡ್ನಾ ಎಂಬ ಮುಳ್ಳುಮೈಯ ಪ್ರಾಣಿಯ ಚಿತ್ರವಿತ್ತು.

“ಇದರ ಸಿಪ್ಪೆ ಅದು, ಓದೋದಕ್ಕೆ ತಂದಿದ್ದು ಕಾಕು. ಈ ಪ್ರಾಣಿ ಮೊಟ್ಟೆ ಇಡುತ್ತೆ, ನೋಡಿ,” ಎಂದೆ.

ಎಕಿಡ್ನಾದ ಮೊಟ್ಟೆಗೆ ಗಟ್ಟಿ ಸಿಪ್ಪೆಯೇ ಇಲ್ಲ, ತೊಗಲಿನಂತೆ ಮೆತ್ತಗಿರುತ್ತದೆ. ನನ್ನ ಸುಳ್ಳು ನಮ್ಮ ತರಗತಿಯಲ್ಲಿ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ.

ಕಾಕು ಚಿತ್ರದ ಮೇಲೆ ಬಗ್ಗಿದರು. “ಮುಳ್ಳಹಂದಿ ಹಂಗ ಐತಲ್ಲ. ಇದು ತತ್ತಿ ಇಡ್ತದ?”

“ಒಂದೇ ಒಂದು. ಹೊಟ್ಟೆ ಮೇಲಿನ ಚೀಲದಲ್ಲಿ ಇಟ್ಕೊಳ್ಳುತ್ತೆ. ಹತ್ತು ದಿನಕ್ಕೆ ಮರಿ ಬಂದು ಹಾಲು ಕುಡಿಯುತ್ತೆ.”

“ಹಾಲೂ ಐತಿ, ತತ್ತಿನೂ ಐತಿ! ಹಂಗಾದ್ರ ಇದನ್ನ ಅಡಗಿಮನ್ಯಾಗ ಬಿಡಬೇಕೋ, ಹೊರಗ ನಿಲ್ಲಸಬೇಕೋ?”

ಅವರು ನನ್ನ ಮಂಚದ ಮೇಲೆ ಕುಳಿತೇಬಿಟ್ಟರು. ನಾನು ಹೇಳುತ್ತ ಹೋದೆ. ಅದಕ್ಕೆ ಮೊಲೆತೊಟ್ಟಿಲ್ಲ, ಚರ್ಮದಿಂದ ಒಸರುವ ಹಾಲನ್ನು ಮರಿ ನೆಕ್ಕುತ್ತದೆ. ಮೊಟ್ಟೆಯಿಡುವ ಸಸ್ತನಿಗಳೆಂದರೆ ಜಗತ್ತಿನಲ್ಲಿ ಎಕಿಡ್ನಾಗಳು ಮತ್ತು ಪ್ಲಾಟಿಪಸ್ ಅಷ್ಟೇ. ಮರಿಗೆ ಮುಳ್ಳು ಮೂಡಿ ಚುಚ್ಚತೊಡಗಿದಾಗ ತಾಯಿ ಅದನ್ನು ಚೀಲದಿಂದ ತೆಗೆದು ಬಿಲದಲ್ಲಿ ಬಿಡುತ್ತದೆ.

“ಅಲ್ಲೀತನಕ ಹೊರಗ ಹಾಕಂಗಿಲ್ಲ?”

“ಇಲ್ಲ ಕಾಕು.”

ಅವರು ಎದ್ದರು. ತುಳಸಿಯ ಮಣ್ಣನ್ನೆಲ್ಲ ನನ್ನ ಕೈಯಿಂದಲೇ ತೆಗೆಸಿ ಹೊಸ ಮಣ್ಣು ಹಾಕಿಸಿದರು. ಮೆಟ್ಟಿಲಿಳಿಯುತ್ತ ತಿರುಗಿ, “ಪರೀಕ್ಷಾ ಮುಗಿಯೂತನಕ ಇರು. ನಿನಗಿನ್ನೂ ಮುಳ್ಳು ಬಂದಿಲ್ಲ,” ಎಂದರು.

ಪರೀಕ್ಷೆ ಮುಗಿಯಿತು, ಕೆಲಸವೂ ಸಿಕ್ಕಿತು. ಇನ್ನೂ ಎರಡು ವರ್ಷ ಅಲ್ಲೇ ಇದ್ದೆ. ಕಾಕು ಮಾತ್ರ ಬಂದ ನೆಂಟರನ್ನೆಲ್ಲ ಮಹಡಿಗೆ ಅಟ್ಟುತ್ತಿದ್ದರು: “ಮ್ಯಾಲೆ ಹೋಗ್ರಿ, ತತ್ತಿ ಇಟ್ಟು ಹಾಲು ಕೊಡೂದರ ಕಥಿ ಕೇಳ್ರಿ!” ಪ್ರತಿ ಸಲವೂ ಹೇಳಿದೆ. ಅಂದು ಸುಳ್ಳಾಡಿದ್ದೆ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಹೆದರಿಕೆಯೋ, ಆ ನಗು ಕೆಡಬಾರದೆಂದೋ... ಈಗ ಏನು ಬರೆದರೂ ನನಗೆ ಅನುಕೂಲವಾಗುವಂತೆಯೇ ಬರೆದೇನು.

ಕಾಕು ತೀರಿಕೊಂಡ ಸುದ್ದಿ ಈ ವರ್ಷ ತಡವಾಗಿ ತಿಳಿಯಿತು. ತಾರ್ನಾಕಕ್ಕೆ ಹೋಗಿ ಅವರ ಮಗಳೆದುರು ಒಪ್ಪಿಕೊಂಡೆ. ಆಕೆ ಕಣ್ಣೊರೆಸಿಕೊಂಡು ನಕ್ಕಳು.

“ಅವ್ವಗ ಅವತ್ತ ಗೊತ್ತಾಗಿತ್ತರಿ. ‘ಎಷ್ಟು ಛಂದ ಸುಳ್ಳು ಹೇಳತಾಳ, ಇರಲಿ ಬಿಡು’ ಅಂದಿದ್ದಳು.”

ನನ್ನ ಸುಳ್ಳನ್ನು ಕೂತು ಪೂರ್ತಿ ಕೇಳಿದವರು ಮತ್ತೆ ಯಾರೂ ಸಿಗಲಿಲ್ಲ.