ಕೆರೆಯಿಂದ ಬಂದ ಹಸುವಿನ ಕಥೆ ಕೇಳಿದ ವಾರ

ಪರದೇಶದ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಬಿಳಿ ಹಸು ಇತ್ತು. ಮನೆಯೊಡತಿ ವೇಲ್ಸ್‌ನಿಂದ ಬಂದು ಇಲ್ಲೇ ಮುದುಕಿಯಾದವರು. ಬೆಂಗಳೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ಅಮ್ಮನಿಗೆ ಇಂಗ್ಲಿಷ್ ಬಾರದು, ಹಾಗಾಗಿ ಇಬ್ಬರ ನಡುವೆ ನಾನು.

ಮೊದಲ ಶುಕ್ರವಾರವೇ ಅಮ್ಮ ಹಸುವಿನ ಹಣೆಗೆ ಅರಿಸಿನ ಕುಂಕುಮ ಇಟ್ಟು ಬಾಳೆಹಣ್ಣು ಕೊಟ್ಟಳು. ಮನೆಯೊಡತಿ ನಕ್ಕು, "ಚೆನ್ನಾಗಿ ತಿನ್ನಿಸಲಿ. ಹಾಲು ಬತ್ತಿದ ಮೇಲೆ ಸೊರಗಿದ್ದಾಳೆ" ಎಂದರು. ಅಂದಿನಿಂದ ದಿನಕ್ಕೆರಡು ಹೊತ್ತು ತಿನ್ನಿಸಿದ್ದೇ ತಿನ್ನಿಸಿದ್ದು. ವಾರಕ್ಕೊಮ್ಮೆ ಹಸುವಿನ ಎದೆಯ ಸುತ್ತಳತೆ ತೆಗೆಯುವ ಕೆಲಸವನ್ನು ಮನೆಯೊಡತಿ ನನಗೆ ವಹಿಸಿದರು. ದಿನಚರಿಗೆ ಬರೆಯಲು ಒಂದು ಅಂಕಿ ಸಿಕ್ಕರೆ ನನಗೆ ಖುಷಿ, ಯಾಕೆಂದು ಕೇಳಲಿಲ್ಲ.

ಆರನೆಯ ಭಾನುವಾರ ಮನೆಯೊಡತಿ ತಮ್ಮೂರಿನ ಕಥೆ ಹೇಳಿದರು. ಬೆಟ್ಟದ ಕೆರೆಯಿಂದ ಬಿಳಿ ಹಸುವೊಂದು ಬಂದು ರೈತನ ಮಂದೆ ಸೇರುತ್ತದೆ. ಅದರ ಹಾಲು, ಕರುಗಳಿಂದ ಅವನು ಸಿರಿವಂತನಾಗುತ್ತಾನೆ. ಹಸು ಮುದಿಯಾದಾಗ ಕೊಬ್ಬಿಸಿ ಕಟುಕನನ್ನು ಕರೆಸುತ್ತಾನೆ. ಕಟುಕ ಎತ್ತಿದ ಕೈ ಅಲ್ಲೇ ಮರಗಟ್ಟುತ್ತದೆ. ಕೆರೆಯ ಮೇಲಿನ ಬಂಡೆಯಿಂದ ಹಸಿರುಡುಗೆಯ ಹೆಂಗಸೊಬ್ಬಳು ಕೂಗುತ್ತಾಳೆ. ಹಸು ಮಕ್ಕಳು ಮೊಮ್ಮಕ್ಕಳೊಂದಿಗೆ ನೀರಿಗಿಳಿದುಬಿಡುತ್ತದೆ.

"ನೋಡಿದ್ಯಾ, ಇವರೂ ನಮ್ಮ ಥರಾನೇ" ಅಂದಳು ಅಮ್ಮ.

ಮಂಗಳವಾರ ಬೆಳಿಗ್ಗೆ ಪಿಕಪ್ ಬಂತು. ಮೇವು ಬಂತೆಂದುಕೊಂಡು ಅಮ್ಮ ಹಣ್ಣಿನ ಬುಟ್ಟಿಯೊಂದಿಗೆ ಹೊರಗೆ ಹೋದಳು. ಗಾಡಿ ಕಸಾಯಿಖಾನೆಯದು ಎಂದರು ಮನೆಯೊಡತಿ; ನಾನು ತೆಗೆದ ಸುತ್ತಳತೆ ತೂಕದ ಅಂದಾಜಿಗಂತೆ. ನಾನದನ್ನು ಕನ್ನಡದಲ್ಲಿ ಹೇಳಿದೆ.

"ಸರಿಯಾಗಿ ಕೇಳಿಸ್ಕೊಂಡ್ಯಾ? ಇನ್ನೊಂದ್ಸಲ ಕೇಳು."

ಕೇಳಿದೆ. ಉತ್ತರ ಅದೇ.

"ಹಾಗಾದ್ರೆ ಮೊನ್ನೆ ಹೇಳಿದ ಕಥೆ?"

"ಅದು ನಮ್ಮಪ್ಪ ಹೇಳ್ತಿದ್ದ ಕಥೆ" ಎಂದರು ಮನೆಯೊಡತಿ. "ನಮ್ಮೂರಿನ ಕಟುಕ ಅವರೇ. ಕಥೆ ಮುಗಿಸಿ, ಬಲಗೈ ಎತ್ತಿ ಆಡಿಸಿ ತೋರಿಸೋರು. ನಾವೆಲ್ಲ ನಗ್ತಿದ್ವಿ."

ಇದನ್ನೂ ಅಮ್ಮನಿಗೆ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟಳು.

ಹಸು ಗಾಡಿಗೆ ಒರಗಿಸಿದ್ದ ಹಲಗೆ ಹತ್ತಲೊಲ್ಲದು. ಹಗ್ಗ ಜಗ್ಗಿದಷ್ಟೂ ಅಮ್ಮನ ಕಡೆಗೇ ತಿರುಗುತ್ತಿತ್ತು.

"ನಿಮ್ಮಮ್ಮ ಕರೆದರೆ ಹತ್ತುತ್ತಾಳೆ" ಎಂದರು ಮನೆಯೊಡತಿ, ಮೆತ್ತಗೆ. "ಸುಮ್ಮನೆ ಹೊಡೆಸೋದು ಬೇಡ."

"ನಾನು ಕರೆಯಲ್ಲ ಅಂತ ಹೇಳು."

ಹೇಳಿದೆ. ಚಾಲಕ ಕೋಲು ತಂದ. ಎರಡನೆಯ ಏಟಿಗೆ ಅಮ್ಮ ಬುಟ್ಟಿ ಎತ್ತಿಕೊಂಡು ತಾನೇ ಹಲಗೆ ಹತ್ತಿದಳು. ಹಸು ಅವಳ ಹಿಂದೆಯೇ ಹತ್ತಿತು. ಹಣ್ಣು ಮುಗಿಯುವವರೆಗೆ ಅಮ್ಮ ಇಳಿಯಲಿಲ್ಲ, ಚಾಲಕ ಕಾದ. ಇಳಿಯುವಾಗ ಕೈ ಕೊಟ್ಟು, "ಅಸಾಂಟೆ" ಎಂದು ಇಲ್ಲಿನ ಭಾಷೆಯಲ್ಲಿ ಧನ್ಯವಾದ ಹೇಳಿದ.

"ಏನಂದ?" ಅಮ್ಮ ಕೇಳಿದಳು.

ಅದೊಂದನ್ನು ಅವಳಿಗೆ ಹೇಳಲು ನನ್ನಿಂದಾಗಲಿಲ್ಲ.