ಇಲ್ಲದ ಪುಟ

ಕುಂದಾಪುರದಲ್ಲಿ ಮೀನುಗಾರರ ಸಂಘದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು ನನ್ನ ಪಕ್ಕದ ಮೇಜಿನವರು. ಸರ್ವರ್ ಕೈಕೊಟ್ಟರೆ, ಯಾವ ವಿಳಾಸ ಎಲ್ಲಿಗೆ ತಿರುಗುತ್ತದೆಂದು ಮೊದಲು ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆಯುವರು. "ಬಂದವ್ರಿಗೆ ಇಲ್ಲ ಅಂದ್ ಹೇಳೂಕಾಗ" ಎನ್ನುವರು. ಹಾಗಾಗಿಯೇ, ಇಲ್ಲದ ಪುಟ ಕೇಳಿದವರೆಲ್ಲ ‘ದಡ ಸೇರಿದ ಬೋಟುಗಳು’ ಎಂಬ ಪುಟಕ್ಕೆ ಹೋಗುವಂತೆ ನಿಯಮ ಬರೆದಿಟ್ಟಿದ್ದರು.

ಕಡಲಿಗೆ ಹೋದ ಬೋಟೊಂದು ತಿಂಗಳಾದರೂ ಬರಲಿಲ್ಲ. ಸಂಘದವರು ಅದರ ಪುಟ ತೆಗೆಸಿದರು. ಮರುದಿನ ಅದನ್ನು ನಡೆಸುತ್ತಿದ್ದ ತಾಂಡೇಲನ ಹೆಂಡತಿ ಬಿಜೂರಿನಿಂದ ಬಸ್ಸಿಗೆ ಬಂದು ಮೊಬೈಲ್ ಚಾಚಿದರು.

"ಅಣ್ಣ, ನಮ್ ಬೋಟಿನ್ ಪುಟ ಒತ್ರೆ ದಡ ಸೇರಿತ್ ಅಂದ್ ಬತ್ತ್. ಇವ್ರ್ ಎಲ್ಲಿದ್ರ್?"

ಪಕ್ಕದ ಮೇಜಿನವರ ಬೆರಳು ಮೇಜಿನ ಮೇಲೆ ಅರ್ಧ ಗೆರೆ ಎಳೆದು ನಿಂತಿತು.

"ಇಲ್ಲ, ಅಕ್ಕ" ಅಂದರು.

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.