ಕಳೆದದ್ದಲ್ಲ, ಕದ್ದದ್ದು

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ಬೆಳಗಿನ ಎಂಟರ ಬಸ್ಸು ಹತ್ತಿದಾಗ ಫೋನು ನನ್ನ ಬಳಿ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲಿನ ಮೂರು ದಿನ ಕಂಡವರೆಲ್ಲ ಮೊದಲು ಕೇಳಿದ್ದು ಅದನ್ನೇ: "ಖರೇನ ತಂದಿದ್ರೇನ್ರಿ? ಮನ್ಯಾಗ ಬಿಟ್ಟ ಬಂದಿರಬೇಕು, ನೋಡ್ರಿ." ತಂದಿದ್ದೆ. ಬಸ್ಸು ಹತ್ತುವ ಮುಂಚೆ ಅದರಲ್ಲೇ ಹೊತ್ತು ನೋಡಿದ್ದೆ.

ಅದು ಎರಡು ಸಾವಿರದ ಏಳನೇ ಇಸವಿಯ ಮಾರ್ಚ್ ತಿಂಗಳು. ನಾನು ಒಂದು ಮಹಿಳಾ ಸಂಸ್ಥೆಯ ಹೊಲಿಗೆ ಶಿಕ್ಷಕಿ. ಕಿತ್ತೂರು, ಸವದತ್ತಿ, ರಾಮದುರ್ಗ, ಮೂರೂ ಊರುಗಳಲ್ಲಿ ವಾರಕ್ಕೆ ಎರಡೆರಡು ದಿನ ಪಾಠ. ಬೈಲಹೊಂಗಲದ ಮನೆಯಲ್ಲಿ ಅಮ್ಮಿಯ ಜೊತೆ ಇಡೀ ದಿನ ಇರುವುದು ಭಾನುವಾರ ಮಾತ್ರ. ನನ್ನ ಹೆಸರು ಶಮೀಮ್. ಆದರೆ ಹುಡುಗಿಯರಿಗೂ ಅವರ ಮನೆಯವರಿಗೂ ನಾನು 'ಅಕ್ಕಾರ'. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ. ಆ ವರ್ಷ ಇಪ್ಪತ್ಮೂರು ಹುಡುಗಿಯರಿದ್ದರು. ಶನಿವಾರ ರಾಮದುರ್ಗದಲ್ಲಿ ಎಲ್ಲರಿಗೂ ಪರೀಕ್ಷೆ. ಪಾಸಾದವರಿಗೆ ಪ್ರಮಾಣಪತ್ರ, ಜೊತೆಗೆ ಒಂದು ಹೊಲಿಗೆ ಯಂತ್ರ. ನಾನು ಹೊರಟದ್ದು ಗುರುವಾರ, ಕಿತ್ತೂರಿನವರಿಗೆ ಕೊನೆಯ ಪಾಠ ಹೇಳಲು.

ಟಿಕೀಟು ಹದಿನಾಲ್ಕು ರೂಪಾಯಿ. ಸೀಟು ಸಿಗಲಿಲ್ಲ. ಬಾಗಿಲ ಬಳಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕತ್ತರಿಸಿದ ಬಟ್ಟೆಗಳ ಗಂಟು ಹಿಡಿದು ನಿಂತೆ. ಬ್ಯಾಗು ಹೆಗಲಿಗೆ ಜೋತು ಬಿದ್ದಿತ್ತು. ಅಷ್ಟು ಹೊತ್ತಿಗೇ ಬಿಸಿಲು ಏರಿತ್ತು, ಕಿಟಕಿಯಿಂದ ಧೂಳು ನುಗ್ಗುತ್ತಿತ್ತು. ಕಿತ್ತೂರಿನಲ್ಲಿ ಇಳಿದು ಹೊತ್ತು ನೋಡೋಣವೆಂದು ಬ್ಯಾಗಿಗೆ ಕೈ ಹಾಕಿದೆ. ಕೈ ಕೆಳಗಿನಿಂದ ಹೊರಗೆ ಬಂತು.

ಯಾವನೋ ಬ್ಲೇಡಿನಿಂದ ಕೊಯ್ದಿದ್ದ. ಹೊಲಿಗೆಯ ಗುಂಟವೇ, ಒಂದು ಗೇಣು, ಎಳೆ ಕೂಡ ಎದ್ದಿರಲಿಲ್ಲ. ಅಷ್ಟು ನೇರವಾಗಿ ಕತ್ತರಿಸಲು ನನ್ನ ಹುಡುಗಿಯರಿಗೆ ಆರು ತಿಂಗಳು ಬೇಕು. ಅಂಥ ಕೈ ಇದ್ದವನು ದುಡಿದು ತಿನ್ನಬಹುದಾಗಿತ್ತು ಎಂದು ನಡುಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನು ಗಟ್ಟಿಯಾಗಿಯೇ ಬೈದೆ. ಮೂಸಂಬಿ ಮಾರುವವಳೊಬ್ಬಳು, "ಹೋದದ್ದ ಹೋತು, ಸಮಾಧಾನ ಮಾಡ್ಕೋರಿ" ಎಂದಳು. ಸಮಾಧಾನ ಮಾಡಿಕೊಳ್ಳುವ ಕೆಲಸ ಯಾವಾಗಲೂ ಕಳೆದುಕೊಂಡವರಿಗೇ ಬರುತ್ತದೆ.

ಬಸ್‌ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ನನ್ನದೇ ನಂಬರಿಗೆ ಹಚ್ಚಿದೆ. ನನಗೆ ಬಾಯಿಪಾಠ ಇದ್ದದ್ದು ಅದೊಂದೇ ನಂಬರು. ರಿಂಗಾಯಿತು. ಗಂಡಸೊಬ್ಬ ಎತ್ತಿದ.

"ಯಾರ ಬೇಕ್ರಿ?"

"ಅದು ನನ್ನ ಫೋನು."

"ಹೌದೇನ?" ಅವನು ನಕ್ಕ. "ಭಾಳ ಹುಡುಗ್ಯಾರ ಅದಾರಲ್ರಿ ಇದರಾಗ. ಹೆಸರು, ಊರು, ಎಲ್ಲಾ ಎಷ್ಟ ಛಂದ ಬರದೀರಿ."

ಕಟ್ ಮಾಡಿದ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಅಲ್ಲಿಯವರೆಗೆ ನನಗೆ ಹೋದದ್ದು ಒಂದು ಫೋನು ಅನಿಸಿತ್ತು. 'ಶೋಭಾ ಮುನವಳ್ಳಿ', 'ಸುಜಾತಾ ಕಟಕೋಳ', 'ರೇಷ್ಮಾ ಉಗರಗೋಳ' ಎಂದು ಒಬ್ಬೊಬ್ಬರನ್ನೂ ಊರ ಸಮೇತ ಅದರಲ್ಲಿ ಬರೆದಿಟ್ಟಿದ್ದೆ. ಆ ನಂಬರುಗಳೂ ಹುಡುಗಿಯರವಲ್ಲ, ಅಪ್ಪನದು, ಅಣ್ಣನದು, ಪಕ್ಕದ ಅಂಗಡಿಯದು. ಬೇರೆಲ್ಲೂ ನಾನು ಬರೆದುಕೊಂಡಿರಲಿಲ್ಲ. ಪ್ರವೇಶದ ಅರ್ಜಿಗಳಲ್ಲಿ ಇದ್ದವು, ಆದರೆ ಅರ್ಜಿಗಳು ಸವದತ್ತಿ ಕೇಂದ್ರದ ಕಪಾಟಿನಲ್ಲಿ, ಕಪಾಟಿನ ಕೀಲಿ ನನ್ನ ಕೊರಳಲ್ಲಿ.

ಬೂತಿನ ಯಜಮಾನರು ಪೋಲಿಯೋದಿಂದ ಕಾಲು ಸೊರಗಿದ ನಡುವಯಸ್ಸಿನವರು. ನನ್ನ ಮಾತು ಅವರ ಕಿವಿಗೆ ಬಿದ್ದಿತ್ತು. "ಅಂವನ ಕೂಡ ಮಾತ ಬ್ಯಾಡ್ರಿ. ಮದಲ ಸಿಮ್ ಬಂದ್ ಮಾಡಸ್ರಿ. ಎಲ್ಲಿ ತಗೊಂಡಿದ್ರಿ?"

"ಸವದತ್ತಿಯೊಳಗ."

"ಹಂಗಾರ ಇಲ್ಲ್ಯಾಕ ನಿಂತೀರಿ?"

ಆ ಮೂರು ದಿನಗಳಲ್ಲಿ ನನಗೆ ಸಿಕ್ಕ ಮೊದಲ ಉಪಯೋಗದ ಮಾತು ಅದು. ತರಗತಿಗೆ ಓಡಿ, ಬಂದಿದ್ದ ಎಂಟು ಹುಡುಗಿಯರಿಗೆ ವಿಷಯ ಹೇಳಿದೆ. "ಅಕ್ಕಾರ ನಂಬರಿನಿಂದ ಫೋನ್ ಬಂದ್ರ ಅದು ನಾನಲ್ಲ. ಮನ್ಯಾಗ ಈಗ ಹೋಗಿ ಹೇಳ್ರಿ." ಪಾಠ ಅಲ್ಲಿಗೇ ಮುಗಿಯಿತು.

ಆ ದಿನ ನಾನು ಎರಡು ಪೊಲೀಸ್ ಠಾಣೆಗಳ ಮೆಟ್ಟಿಲು ಹತ್ತಿದೆ. ಯಾವ ಊರಿನವೆಂದು ಬರೆಯುವುದಿಲ್ಲ. ಬರೆದರೆ ಉಳಿದವರು ತಾವು ಬೇರೆ ಎಂದುಕೊಳ್ಳುತ್ತಾರೆ. ಮೊದಲನೆಯ ಠಾಣೆಯ ಹವಾಲ್ದಾರರು ಫೋನಿನ ಹದಿನೈದು ಅಂಕಿಯ ನಂಬರು ಕೇಳಿದರು. ಅದು ಡಬ್ಬಿಯ ಮೇಲೆ ಇರುತ್ತದಂತೆ. ಡಬ್ಬಿ ಬೈಲಹೊಂಗಲದಲ್ಲಿತ್ತು. ಸವದತ್ತಿಗೆ ಹೇಗೂ ಆ ದಾರಿಯಲ್ಲೇ ಹೋಗಬೇಕು ಎಂದು ಮನೆಗೆ ಹೋದೆ. ಅಮ್ಮಿ ಆ ಡಬ್ಬಿಯಲ್ಲಿ ಗುಂಡಿ, ಹುಕ್ಕು ಇಟ್ಟಿದ್ದಳು. ಸುರುವಿ ಡಬ್ಬಿ ಕೊಟ್ಟಳು. ಎರಡು ರೊಟ್ಟಿ ಬಾಯಿಗೆ ಹಾಕಿಕೊಂಡು ಹೊರಬಿದ್ದೆ.

ಎರಡನೆಯ ಠಾಣೆಯವರು ಡಬ್ಬಿಯನ್ನು ತಿರುಗಿಸಿ ನೋಡಿ, "ಇದು ಎಲ್ಲಿ ಹೋತು? ಬಸ್ ಹತ್ತೂ ಮುಂದೋ, ಇಳಿಯೂ ಮುಂದೋ?" ಎಂದರು.

"ಗೊತ್ತಾಗಿದ್ರ ಕೈ ಹಿಡೀತಿದ್ನಿಲ್ರಿ ಸಾಹೇಬ್ರ?"

"ಅದಕ್ಕ ನೋಡ್ರಿ, ನಮ್ಮ ಹದ್ದೀನೋ ಅವರ ಹದ್ದೀನೋ ಹ್ಯಾಂಗ ಹೇಳೂದು?" ಒಂದು ಬಿಳಿ ಹಾಳೆ ಮುಂದಿಟ್ಟರು. "ಒಂದ ಕೆಲಸಾ ಮಾಡ್ರಿ. ಫೋನ್ ಕಳೆದೈತಿ ಅಂತ ಬರೀರಿ. ಸಿಕ್ಕಾ ಹೊಡದ ಕೊಡತೇವಿ."

"ಕಳೆದಿಲ್ರಿ. ಕದ್ದಾರ." ಕೊಯ್ದ ಬ್ಯಾಗನ್ನು ಮೇಜಿನ ಮೇಲಿಟ್ಟೆ. "ಅಂವ ನನ್ನ ಹುಡುಗ್ಯಾರ ಹೆಸರ ತಗೊಂಡ ಮಾತಾಡ್ಯಾನ."

"ಕಳುವು ಅಂದ್ರ ಕೇಸ್ ಆಗತೈತಿ, ತನಿಖೆ ಆಗಬೇಕು. ಅಷ್ಟಕ್ಕೂ ಹೆಣ್ಮಕ್ಕಳ ನಂಬರ್ ಅಷ್ಟ್ಯಾಕ ಇಟ್ಕೊಂಡಿದ್ರಿ ನೀವು?"

ಆ ಮಾತಿಗೆ ನನ್ನ ಮೈ ಉರಿಯಿತು. ಶಿಕ್ಷಕಿಯ ಬಳಿ ವಿದ್ಯಾರ್ಥಿನಿಯರ ನಂಬರು ಇರದೆ ಯಾರ ಬಳಿ ಇರಬೇಕು? ಹಾಳೆಯ ಮೇಲೆ 'ಕಳುವಾಗಿದೆ' ಎಂದೇ ಬರೆದೆ. ಅವರು ಠಾಣೆಯ ಮೊಹರು ಹೊಡೆಯಲಿಲ್ಲ. ಹಾಳೆಯನ್ನು ಮಡಚಿ ಇಟ್ಟುಕೊಂಡು ಎದ್ದು ಬಂದೆ.

ಸವದತ್ತಿಯ ಬಸ್ಸಿನಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನ ತುಂಬಿದ್ದರು. ಬ್ಯಾಗನ್ನು ಎದೆಗೆ ಅವುಚಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಕುಳಿತ ಮುದುಕಪ್ಪನನ್ನೂ ನಂಬಲಿಲ್ಲ. ಅವರು ಬೆಲ್ಲದ ಚೂರು ಕೊಡಲು ಬಂದಾಗ ನಾನು ಸರಿದು ಕುಳಿತೆ. ಅವರ ಮುಖ ಸಣ್ಣದಾಯಿತು. ಅದಕ್ಕೂ ಆ ಕಳ್ಳನೇ ಕಾರಣ ಎಂದು ಇನ್ನಷ್ಟು ಸಿಟ್ಟು ಬಂತು.

ಸವದತ್ತಿ ಮುಟ್ಟಿದಾಗ ನಾಲ್ಕು ಗಂಟೆ. ಸಿಮ್ ಮಾರಿದ್ದ ಗುರುಸಿದ್ಧಪ್ಪನವರ ಅಂಗಡಿಗೆ ನೇರ ಹೋದೆ. ಅವರು ರಜಿಸ್ಟರು ತೆಗೆದು ನೋಡಿ ತಲೆ ಕೆರೆದುಕೊಂಡರು.

"ಅಕ್ಕಾರ, ಸಿಮ್ ನಿಮ್ಮ ಹೆಸರಿಲೆ ಇಲ್ಲ. ರಫೀಕ್ ಅಂತ ಐತಿ."

ರಫೀಕ್ ನನ್ನ ತಮ್ಮ, ಲಾರಿ ಡ್ರೈವರ್. ಆ ದಿನ ಅವನು ಸೊಲ್ಲಾಪುರದ ಆಚೆ ಎಲ್ಲೋ ಇದ್ದ. ಸಿಮ್ ಕೊಳ್ಳುವಾಗ ದುಡ್ಡು ನನ್ನದು, ಫೋಟೋ, ಸಹಿ ಮಾತ್ರ ಅವನವು. ಗಂಡಸರ ಕಾಗದ ಇದ್ದರೆ ಬೇಗ ಚಾಲೂ ಆಗುತ್ತದೆ ಎಂದು ಅಂದು ಹೇಳಿದ್ದು ಇದೇ ಗುರುಸಿದ್ಧಪ್ಪನವರು. ಅದನ್ನು ನೆನಪಿಸಿದೆ. ಅವರು ಕಂಪನಿಗೆ ಫೋನು ಹಚ್ಚಿ, ಎದೆ ಸೆಟೆಸಿ, "ನಾನು ರಫೀಕ್ ಮಾತಾಡೋದು" ಎಂದರು. ಆ ಕಡೆಯ ಹುಡುಗಿ ಹುಟ್ಟಿದ ದಿನ ಕೇಳಿದಳು. ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಕೊನೆಯ ರೀಚಾರ್ಜ್ ಯಾವಾಗ ಎಂದು ಕೇಳಿದಳು. ಅದನ್ನೂ ಬರೆದೆ. ಐದು ನಿಮಿಷದಲ್ಲಿ ಸಿಮ್ ಬಂದ್ ಆಯಿತು. ಬೆಳಗಿನಿಂದ ನಾನು ನನ್ನ ದನಿಯಲ್ಲಿ ಹೇಳಿ ಹೇಳಿ ಆಗದ ಕೆಲಸ, ಗಂಡಸೊಬ್ಬ ಸುಳ್ಳು ಹೇಳಿದ ಕೂಡಲೇ ಆಗಿತ್ತು. ಅವರಿಗೆ ಕೈ ಮುಗಿದೆ, ಹಲ್ಲು ಕಚ್ಚಿಕೊಂಡು.

"ಇನ್ನ ಮ್ಯಾಲೆ ಅಂವ ಆ ನಂಬರಿಲೆ ಮಾತಾಡಾಕ ಆಗೂದಿಲ್ರಿ," ಎಂದರು. "ಆದ್ರ ಇಷ್ಟೊತ್ತಿಗೆ ಏನೇನ ಮಾಡ್ಯಾನೋ."

ಏನು ಮಾಡಿದ್ದ ಎಂದು ಕೇಂದ್ರಕ್ಕೆ ಹೋದಾಗ ತಿಳಿಯಿತು. ಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಗಂಗವ್ವ ಅಂಗಳದಲ್ಲೇ ಕಾಯುತ್ತಿದ್ದಳು. "ಅಕ್ಕಾರ, ಯಾಂವೋ ಫೋನ್ ಮಾಡಾಕ ಹತ್ತ್ಯಾನಂತ. ರೇಷ್ಮಾನ ಅಣ್ಣ ಬಂದ ಒದರಿ ಹೋದ." ಕಪಾಟು ತೆಗೆದು, ಅರ್ಜಿಗಳನ್ನು ಚೀಲಕ್ಕೆ ಹಾಕಿಕೊಂಡು ಇಬ್ಬರೂ ಪಕ್ಕದ ಬೂತಿಗೆ ಹೋದೆವು. ಕಿತ್ತೂರಿನ ಎಂಟು ಬಿಟ್ಟು ಹದಿನೈದು ಮನೆ. ಒಂದೊಂದಕ್ಕೂ ಹಚ್ಚಿ ಹೇಳಿದೆ. ನಾಲ್ಕು ಮನೆಗಳಿಗೆ ಅವನು ಆಗಲೇ ಮಾಡಿದ್ದ. ರೇಷ್ಮಾನ ಅಣ್ಣ ವಿಷಯ ತಿಳಿದ ಮೇಲೆ, "ಮಾಫ್ ಮಾಡ್ರಿ ಅಕ್ಕಾರ" ಎಂದ. ಇನ್ನೆರಡು ಮನೆಯವರು ನನ್ನ ಮಾತು ನಂಬಿದಂತೆ ಅನಿಸಿತು. ಮುನವಳ್ಳಿಯ ಶೋಭಾಳ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕಟಕೋಳದ ಸುಜಾತಾಳ ಅಪ್ಪ ಬಸಪ್ಪನವರು ಎತ್ತಿ, ನನ್ನ ಹೆಸರು ಕೇಳುತ್ತಲೇ, "ನಮ್ಮ ಹುಡುಗಿ ಇನ್ನ ಬರೂದಿಲ್ರಿ" ಎಂದು ಇಟ್ಟುಬಿಟ್ಟರು.

ಸುಜಾತಾ ಆ ತಂಡದಲ್ಲೇ ಎಲ್ಲರಿಗಿಂತ ಒಳ್ಳೆಯ ಕೈ.

ಶುಕ್ರವಾರ ಬೆಳಿಗ್ಗೆ ಮುನವಳ್ಳಿಯಲ್ಲಿ ಇಳಿದು ಶೋಭಾಳ ಮನೆಗೆ ಹೋದೆ. ಬೀಗ. ಯಾವನದೋ ಫೋನು ಬಂತೆಂದು ಹುಡುಗಿಯನ್ನು ನಿನ್ನೆ ಸಂಜೆಯೇ ಸೋದರಮಾವನ ಊರಿಗೆ ಕಳಿಸಿದರೆಂದು ಪಕ್ಕದ ಮನೆಯವರು ಹೇಳಿದರು. ಯಾವ ಊರು ಎಂದರೆ ಗೊತ್ತಿಲ್ಲ ಎಂದರು, ಗೊತ್ತಿತ್ತು, ಹೇಳಲಿಲ್ಲ. ಒಂದು ಬಸ್ಸು, ಒಂದು ಟಂಟಂ ರಿಕ್ಷಾ ಬದಲಿಸಿ ಕಟಕೋಳ ಮುಟ್ಟಿದಾಗ ಹನ್ನೊಂದೂವರೆ. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಬಸಪ್ಪನವರದು ಹಿಟ್ಟಿನ ಗಿರಣಿ. ಫೋನು ಇದ್ದದ್ದೂ ಅಲ್ಲೇ, ಗೋಡೆಗೆ. ನನ್ನನ್ನು ಕಂಡು ಬೆಲ್ಟು ಬಿಡಿಸಿ ಗಿರಣಿ ನಿಲ್ಲಿಸಿದರು. ಹುಬ್ಬೆಲ್ಲ ಹಿಟ್ಟು.

"ಕುಂದರ್ರಿ ಅಕ್ಕಾರ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ನಿನ್ನೆ ಇಲ್ಲೆ ಹತ್ತ ಮಂದಿ ಡಬ್ಬಿ ಹಿಡಕೊಂಡ ನಿಂತಿದ್ರು. ಗಿರಣಿ ಸಪ್ಪಳದಾಗ ನನಗ ಕೇಳವಲ್ದು. 'ಯಾರು? ಸುಜಾತಾನ? ನೀ ಯಾಂವಲೇ ಅಕೀನ್ನ ಕೇಳಾಂವ?' ಅಂತ ನಾನ ಒದರೇನಿ. ಊರಿಗೆಲ್ಲ ನಾನ ಹೇಳಿದಂಗಾತು."

ಆ ಮನುಷ್ಯನ ಸಂಕಟ ನನಗೆ ಅರ್ಥವಾಯಿತು. ನಿನ್ನೆ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿ ಬ್ಯಾಗು ತೋರಿಸಿದೆ. ಅವರು ಕೊಯ್ದ ಜಾಗದಲ್ಲಿ ಬೆರಳಾಡಿಸಿ, "ಪೊಲೀಸ್ ಕಾಗದ ಐತೇನ್ರಿ? ಮಂದಿಗೆ ತೋರಸಾಕ?" ಎಂದರು.

ಸಿಕ್ಕಾ ಇಲ್ಲದ ಹಾಳೆ ನನ್ನ ಬಳಿ ಇತ್ತು. ಆ ಕ್ಷಣ, 'ಕಳೆದಿದೆ' ಎಂದೇ ಬರೆದು ಸಿಕ್ಕಾ ಹೊಡೆಸಿಕೊಳ್ಳಬೇಕಿತ್ತೇ, ನನ್ನ ಹಟ ಈ ಹುಡುಗಿಗೆ ಮುಳುವಾಯಿತೇ ಅನಿಸಿತು. ಉತ್ತರ ಬಂದದ್ದು ಒಳಬಾಗಿಲಿನಿಂದ.

"ಅಪ್ಪಾ, ಅಕ್ಕಾರ ಬ್ಯಾಗ ಕಳ್ಳ ಕೊಯ್ದ. ಅಕ್ಕಾರ ಬ್ಯಾಗ ಹಿಡಿಯೂದ ಬಿಟ್ಟಾರೇನು?" ಸುಜಾತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ಬಾತಿದ್ದವು, ದನಿ ಮಾತ್ರ ಸ್ಪಷ್ಟವಾಗಿತ್ತು. "ಕದ್ದಾಂವ ಯಾವ ಊರಾಗೋ ಆರಾಮ ಚಾ ಕುಡ್ಯಾಕ ಹತ್ತಿರಬೇಕು. ನಾ ಮಾತ್ರ ಮನ್ಯಾಗ ಕುಂದರಬೇಕು. ನಾ ಏನ ಮಾಡೇನಿ ಅಂತ ಒಂದ ಹೇಳ್ರಿ, ಕುಂದರತೇನಿ."

ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸೊಬ್ಬಳು ಡಬ್ಬಿ ಕೆಳಗಿಟ್ಟು, "ಹುಡುಗಿ ಹೇಳೂದು ಖರೇ ಐತಿ, ಬಸಣ್ಣ" ಎಂದಳು. ನಿನ್ನೆ ಕೂಗು ಕೇಳಿದವರಲ್ಲಿ ಅವಳೂ ಇದ್ದಳಂತೆ.

ಬಸಪ್ಪನವರು ಮೈಮೇಲಿನ ಹಿಟ್ಟು ಕೊಡವಿಕೊಂಡರು. "ನಾಳೆ ಪರೀಕ್ಷಾ ಬರೀಲಿ. ನಾನ ಕರಕೊಂಡ ಬರತೇನಿ. ಮುಂದಿಂದು ಮುಂದ." ಆಮೇಲೆ ಚಹಾ ಬಂತು. ಅಲ್ಲಿಯವರೆಗೆ ನಾನು ನೀರನ್ನೂ ಕೇಳಿರಲಿಲ್ಲ.

ಶನಿವಾರ ರಾಮದುರ್ಗದ ಪರೀಕ್ಷೆಗೆ ಇಪ್ಪತ್ತೆರಡು ಹುಡುಗಿಯರು ಬಂದರು. ಇಪ್ಪತ್ಮೂರನೆಯ ಯಂತ್ರದ ಮುಂದಿನ ಸ್ಟೂಲು ಹನ್ನೆರಡರವರೆಗೂ ಖಾಲಿ ಇತ್ತು. ಪರೀಕ್ಷಕರು ಶೋಭಾಳ ಹೆಸರಿನ ಮುಂದೆ 'ಗೈರುಹಾಜರು' ಎಂದು ಬರೆದರು. ಆ ಪದವನ್ನು ನೋಡುತ್ತ ನಿಂತೆ. ತಾನೇ ಬಾರದೆ ಉಳಿದಳು ಎಂಬಂತೆ ಅದು ಹೇಳುತ್ತಿತ್ತು. ಮುಂದೆ ನಾನು ಎರಡು ಸಲ ಮುನವಳ್ಳಿಗೆ ಹೋದೆ. ಅವಳ ತಂದೆ ಹೊರಗೇ ನಿಲ್ಲಿಸಿ ಮಾತಾಡಿಸಿದರು. ಮೇ ತಿಂಗಳಲ್ಲಿ ಅವಳ ಮದುವೆಯಾಯಿತು ಎಂದು ಗಂಗವ್ವ ತಿಳಿಸಿದಳು. ಫೋನು ಸಿಗಲಿಲ್ಲ, ಕದ್ದವನೂ ಸಿಗಲಿಲ್ಲ. ಹೊಸ ಸಿಮ್ಮನ್ನು ನಾನು ನನ್ನ ಹೆಸರಿನಲ್ಲೇ ತೆಗೆದುಕೊಂಡೆ, ಚಾಲೂ ಆಗಲು ಒಂಬತ್ತು ದಿನ ಹಿಡಿದರೂ.

ಪರೀಕ್ಷೆ ಮುಗಿದ ಆ ಶನಿವಾರ ಸಂಜೆ ಐದರ ಬಸ್ಸಿಗೆ ನಾನು ರಾಮದುರ್ಗ ಬಿಟ್ಟೆ. ಬಸ್ಸು ತಿರುಗುವಾಗ ಕಿಟಕಿಯಿಂದ ಬಸ್‌ಸ್ಟ್ಯಾಂಡಿನ ಕಟ್ಟೆ ಕಂಡಿತು. ಬಸಪ್ಪನವರು ಅಲ್ಲಿ ಕುಳಿತು, ಮಗಳು ಪರೀಕ್ಷೆಗೆ ಹೊಲಿದ ಪುಟ್ಟ ಫ್ರಾಕನ್ನು ಎರಡೂ ಭುಜ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದರು. ಸುಜಾತಾ ಪಕ್ಕದಲ್ಲಿ ನಿಂತು ಕಾಲರಿನ ಮೇಲೆ ಬೆರಳಿಟ್ಟು ಏನೋ ವಿವರಿಸುತ್ತಿದ್ದಳು. ಅವರು ಅದನ್ನು ತಿರುವಿ, ಒಳಗಿನ ಹೊಲಿಗೆಯನ್ನೂ ನೋಡತೊಡಗಿದರು.